ಅಚ್ಚಿನ ಸುತ್ತ ಅಂಟುತ್ತಿದ್ದ ಎಂಬಾಸಿಂಗ್ ಪುಡಿ

ಕಡು ನೀಲಿ ಕಾರ್ಡ್ ಮೇಲೆ ಬಿಳಿ ಎಂಬಾಸಿಂಗ್ (ಸ್ಟ್ಯಾಂಪ್ ಒತ್ತಿದ ಹಸಿ ಶಾಯಿಗೆ ಪುಡಿ ಅಂಟಿಸಿ, ಬಿಸಿಯಿಂದ ಕರಗಿಸಿ ಉಬ್ಬು ಅಚ್ಚು ಮೂಡಿಸುವುದು) ಮಾಡಿದಾಗಲೆಲ್ಲ ಒಂದೇ ತಲೆನೋವು. ಹೂವಿನ ಅಚ್ಚು ಚೆನ್ನಾಗಿಯೇ ಮೂಡುತ್ತಿತ್ತು. ಆದರೆ ಸುತ್ತಲೂ ಬಿಳಿ ಚುಕ್ಕಿಗಳು, ಯಾರೋ ಹಲ್ಲುಪುಡಿ ಉದುರಿಸಿದ ಹಾಗೆ. ಮೊದಲು ಪುಡಿಯನ್ನೇ ಬೈದೆ. ಹೊಸ ಡಬ್ಬಿ ತಂದರೂ ಅದೇ ಕಥೆ.

ತಪ್ಪು ನನ್ನ ಬೆರಳುಗಳದ್ದು! ಕಾಗದಕ್ಕೆ ಕೈಯ ಜಿಡ್ಡು ತಾಗಿರುತ್ತದೆ, ಜೊತೆಗೆ ಸ್ಥಿರ ವಿದ್ಯುತ್ತು ಬೇರೆ. ಎರಡೂ ಪುಡಿಯನ್ನು ಹಿಡಿದುಕೊಳ್ಳುತ್ತವೆ. ಈಗ ತೆಳು ಬಟ್ಟೆಯಲ್ಲಿ ಒಂದಿಷ್ಟು ಕಾರ್ನ್‌ಫ್ಲೋರ್ ಗಂಟು ಕಟ್ಟಿಟ್ಟುಕೊಂಡಿದ್ದೇನೆ. ಸ್ಟ್ಯಾಂಪ್ ಒತ್ತುವ ಮೊದಲು ಅದನ್ನು ಕಾರ್ಡ್ ಮೇಲೆಲ್ಲ ಸವರುತ್ತೇನೆ. ಒತ್ತಿದ ಮೇಲೆ ಸವರಿದರೆ ಕೆಲಸ ಕೆಟ್ಟಿತು, ಹಿಟ್ಟು ಶಾಯಿಗೇ ಅಂಟುತ್ತದೆ. ಆಮೇಲೆ ಪುಡಿ ಸುರಿದು, ಕಾರ್ಡ್ ಓರೆ ಮಾಡಿ, ಹಿಂಬದಿಗೆ ಬೆರಳಿಂದ ಎರಡು ಸಲ ತಟ್ಟುತ್ತೇನೆ. ಉಳಿದ ಕಣಗಳಿಗೆ ಒಣ ಕುಂಚ. ಇದೆಲ್ಲ ಬಿಸಿ ಕೊಡುವ ಮುಂಚೆಯೇ ಆಗಬೇಕು. ಕರಗಿದ ಮೇಲೆ ಒಂದು ಚುಕ್ಕಿಯೂ ಬಿಡುವುದಿಲ್ಲ.

ತುಂಬಾ ಬಿಸಿ ಗಾಳಿ ಊದುವ ಹೀಟ್ ಗನ್ ಅನ್ನು ಬೇರೆ ಕಡೆ ತಿರುಗಿಸಿ 10–15 ಸೆಕೆಂಡ್ ಕಾಯಿಸಿಕೊಂಡೇ ಕಾರ್ಡ್ ಹತ್ತಿರ ತರುತ್ತೇನೆ. ಮರಳಿನಂತಿದ್ದ ಪುಡಿ ನುಣ್ಣಗೆ ಹೊಳೆದ ತಕ್ಷಣ ಮುಂದೆ ಸರಿಯಬೇಕು. ಜಾಸ್ತಿ ಕಾಯಿಸಿದರೆ ಕಾಗದದೊಳಕ್ಕೆ ಇಳಿದು ಚಪ್ಪಟೆಯಾಗುತ್ತದೆ. ಹೇರ್ ಡ್ರೈಯರ್ ಸುಮ್ನೆ ಪುಡಿ ಹಾರಿಸುತ್ತದೆ ಅಷ್ಟೆ, ಅದನ್ನೂ ಮಾಡಿ ನೋಡಿದ್ದೇನೆ.