ಜಡಿಮಳೆಯಲ್ಲೂ ಸರಿ ಲೆಕ್ಕ ಕೊಟ್ಟ ನನ್ನ ಸೆನ್ಸರ್ ಪೆಟ್ಟಿಗೆ

ಮಲೆನಾಡಿನ ಮಳೆಗಾಲದಲ್ಲಿ ಕಡಿಮೆ ಬೆಲೆಯ ಲೇಸರ್ ಸೆನ್ಸರ್ ಇಟ್ಟು ಗಾಳಿಯ ದೂಳು ಅಳೆಯಲು ಆಗುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಈ ಕೆಲಸಕ್ಕೆ ಇಳಿದು 20 ವರ್ಷದ ಮೇಲಾಯಿತು, ನನಗೂ ಅನುಮಾನ ಇತ್ತು. ಈಗ ಇಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಅಂಚಿನಲ್ಲಿಟ್ಟ ಪೆಟ್ಟಿಗೆ ಎರಡು ಮಳೆಗಾಲ ದಾಟಿದೆ. ಗಾಳಿಯನ್ನು ಫಿಲ್ಟರಿನ ಮೂಲಕ ಎಳೆದು, ಅದರ ಮೇಲೆ ಕೂತ ದೂಳನ್ನು ತೂಗಿದ ಲೆಕ್ಕದ ಜೊತೆ ತಾಳೆ ನೋಡಿದರೆ ನೂರಕ್ಕೆ 10-15ರಷ್ಟೇ ವ್ಯತ್ಯಾಸ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಜುಲೈನಲ್ಲಿ ಬೆಳಗಿನ ಜಾವ ಪಿಎಂ 2.5 (ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ದೂಳಿನ ಕಣ) ಒಂದು ಘನ ಮೀಟರ್ ಗಾಳಿಗೆ ಸುಮಾರು 280 ಮೈಕ್ರೋಗ್ರಾಂ ತೋರಿಸುತ್ತಿತ್ತು. ಆಗುಂಬೆ ಕಡೆಯಿಂದ ಮಳೆ ಸುರಿದು ಗಾಳಿಯನ್ನೇ ತೊಳೆದಿಟ್ಟ ಹಾಗಿರುವಾಗ 280 ಎಲ್ಲಿಂದ ಬರಬೇಕು? ಫಿಲ್ಟರನ್ನು ಒಂದು ದಿನ ಒಣ ಡಬ್ಬಿಯಲ್ಲಿಟ್ಟು ತೂಗಿದರೆ 12ರ ಆಸುಪಾಸು. ಸೆನ್ಸರ್ ಮಂಜಿನ ಹನಿಯನ್ನೇ ದೂಳು ಅಂತ ಎಣಿಸುತ್ತಿತ್ತು. ಸಾಲದ್ದಕ್ಕೆ ಫ್ಯಾನಿಗೆ ಬೂಸ್ಟು ಹಿಡಿಯಿತು, ಒಳಗೆ ಇರುವೆ ಗೂಡು ಕಟ್ಟಿತು, ಸಿಡಿಲಿಗೆ ಬೋರ್ಡ್ ಹೋಯಿತು. ನಾಲ್ಕು ಸೆನ್ಸರ್, ಎರಡು ಬೋರ್ಡ್ ಸೇರಿ 12-13 ಸಾವಿರ ನೀರಿಗೆ ಹಾಕಿದ ಹಾಗಾಯಿತು.

ಆಮೇಲೆ ಗಾಳಿ ಒಳಬರುವ ಪೈಪಿಗೆ ಹೀಟರ್ ಸುತ್ತಿದೆ. 60 ಡಿಗ್ರಿಗೆ ಕಾಯಿಸಿದ್ದು ತಪ್ಪಾಯಿತು. ಮಂಜು ಹೋಯಿತು ನಿಜ, ಆದರೆ ಚಳಿಗಾಲದಲ್ಲಿ ಒಲೆ ಹೊಗೆಯ ಬೇಗ ಆವಿಯಾಗುವ ಭಾಗವೂ ಹಾರಿಹೋಗಿ ಲೆಕ್ಕ ಫಿಲ್ಟರಿಗಿಂತ ಕಡಿಮೆ ಬಂತು. ಈಗ ಹೊರಗಿನ ಗಾಳಿಗಿಂತ 12-13 ಡಿಗ್ರಿ ಮಾತ್ರ ಜಾಸ್ತಿ. ಹೊರಗೆ 22 ಇದ್ದರೆ ಒಳಗೆ 35, ಆಗ ತೇವಾಂಶ ನೂರಕ್ಕೆ 98ರಿಂದ 50ರ ಕೆಳಗಿಳಿಯುತ್ತದೆ. ಅಷ್ಟು ಸಾಕು. ಪೈಪ್ ಎಷ್ಟು ಉದ್ದ, ಎಲ್ಲಿ ಬಾಗಿಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಕ್ಕೇ ಎಂಟು ತಿಂಗಳು ಹಿಡಿದಿದೆ.

ಇಂಗಾಲದ ಡೈಆಕ್ಸೈಡ್ ಸೆನ್ಸರಿನ ಕತೆ ಬೇರೆ. ಅದರ ಆಟೋ ಕ್ಯಾಲಿಬ್ರೇಷನ್, ಅಂದರೆ ತಾನೇ ತನ್ನ ಲೆಕ್ಕ ಸರಿಮಾಡಿಕೊಳ್ಳುವ ವ್ಯವಸ್ಥೆ, ವಾರದ ಅತಿ ಕಡಿಮೆ ಅಂಕಿಯನ್ನು 400 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಭಾಗ) ಅಂತ ಹಿಡಿಯುತ್ತದೆ. ಹೊರಗಿನ ಗಾಳಿಯೇ 420 ದಾಟಿದೆ ಅಲ್ವಾ? ವರ್ಷಕ್ಕೆ ಏರುವುದೇ 2-3 ಪಿಪಿಎಂ. 20 ತಪ್ಪಿದರೆ ಏಳೆಂಟು ವರ್ಷದ ಏರಿಕೆಯೇ ಮಾಯ. ಅದನ್ನು ಬಂದ್ ಮಾಡಿ, ಅಡಿಕೆ ಮಾರಿದ ದುಡ್ಡಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಗಾಳಿಯ ಸಿಲಿಂಡರ್ ತರಿಸಿದೆ. 30 ಸಾವಿರದ ಮೇಲೆ ಬಿತ್ತು. ತಿಂಗಳಿಗೊಮ್ಮೆ ಅದಕ್ಕೇ ಹೊಂದಿಸುತ್ತೇನೆ.

ಸುಗ್ಗಿಯಲ್ಲಿ ಸುಮ್ನೆ ಒಂದು ಪೆಟ್ಟಿಗೆಯನ್ನು ಅಡಿಕೆ ಬೇಯಿಸುವ ಒಲೆ ಪಕ್ಕ ಇಟ್ಟು ನೋಡಿದೆ. ಪಿಎಂ 2.5 700 ದಾಟಿತು. ಈ ಸೆನ್ಸರನ್ನು 500ರ ಮೇಲೆ ಪೂರ್ತಿ ನಂಬುವ ಹಾಗಿಲ್ಲ, ಗೊತ್ತು. ಆದರೆ ನಮ್ಮ ದೇಶದ 24 ಗಂಟೆಯ ಮಿತಿಯೇ 60. ಪಕ್ಕದ ಮನೆ ಅಕ್ಕ ಆ ಹಂಡೆ ಮುಂದೆ ದಿನಾ ಮೂರ್ನಾಲ್ಕು ಗಂಟೆ ಕೂರುತ್ತಾರೆ. ಅಂಕಿ ತೋರಿಸಿದಾಗ "ಅದಕ್ಕೇ ಮಾರಾಯ, ನಂಗೆ ರಾತ್ರಿಯಿಡೀ ಕೆಮ್ಮು" ಅಂದರು. ನನಗೆ ಅವತ್ತು ನಿದ್ದೆ ಬರಲಿಲ್ಲ. ತಗಡಿನ ಚಿಮಣಿ ಹಾಕಿಸಿದೆವು, 4 ಸಾವಿರ ಚಿಲ್ಲರೆ ಆಯಿತು. ಈಗ ಅದೇ ಜಾಗದಲ್ಲಿ 150ರ ಸುತ್ತಮುತ್ತ. ಹಸಿ ಸೌದೆ ಹಾಕಿದ ದಿನ ಮಾತ್ರ 300 ಮುಟ್ಟುತ್ತದೆ, ಹಾಗಾಗಿ ಈ ವರ್ಷ ಮಳೆ ಹಿಡಿಯುವ ಮುಂಚೆಯೇ ಸೌದೆಯನ್ನೆಲ್ಲ ಕೊಟ್ಟಿಗೆಗೆ ಸೇರಿಸಿದ್ದೇವೆ.