ಗ್ರೀಕ್ ಮನೆತನಗಳ ತರ ಹಡಗು ವ್ಯಾಪಾರ ಮಾಡೋದು ಹೇಗೆ

ಹಡಗಿನ ಬಿಸಿನೆಸ್ಸಲ್ಲಿ ಎರಡು ದಾರಿ. ಒಂದು ರೂಟ್ ಬಸ್ ತರ, ಟೈಮ್‌ಟೇಬಲ್ ಹಾಕ್ಕೊಂಡು ಅದೇ ಬಂದರುಗಳ ಮಧ್ಯೆ ಓಡಾಡೋದು. ಇನ್ನೊಂದು ಬಾಡಿಗೆ ಲಾರಿ ತರ, ಇವತ್ತು ಗೋಧಿ, ನಾಳೆ ಕಲ್ಲಿದ್ದಲು, ಲೋಡ್ ಎಲ್ಲಿ ಸಿಗುತ್ತೋ ಅಲ್ಲಿಗೆ. ಇದಕ್ಕೆ ಟ್ರ್ಯಾಂಪ್ ಅಂತಾರೆ. ಗ್ರೀಕರು ಹೆಚ್ಚಾಗಿ ಹಿಡಿದಿದ್ದು ಈ ಎರಡನೇದನ್ನೇ, ಊರೂರಿಗೆ ಬ್ರಾಂಚ್ ಬೇಡ, ಒಂದೇ ಒಂದು ಹಳೇ ಹಡಗಿದ್ರೂ ಶುರು ಮಾಡಬಹುದು.

ಮೊದಲು ದುಡ್ಡು. ಖಿಯೋಸ್, ಆಂಡ್ರೋಸ್, ಕಾಸೋಸ್ ದ್ವೀಪಗಳಲ್ಲಿ ಅಣ್ಣತಮ್ಮಂದಿರು, ಭಾವಮೈದ, ಕ್ಯಾಪ್ಟನ್ ಎಲ್ಲಾ ಸೇರಿ ಪಾಲು ಹಾಕಿ ಹಡಗು ತಗೋತಿದ್ರು. ಕ್ಯಾಪ್ಟನ್ನಿಗೇ ಪಾಲಿದ್ರೆ ಕಲ್ಲಿದ್ದಲು ಕದಿಯೋರು ಯಾರು ಹೇಳಿ! ಹೆಣ್ಣು ಕೊಟ್ಟು ತರೋದೂ ಒಳಗೊಳಗೇ. ಹಡಗು ಮಾಲೀಕ ಸ್ಟಾವ್ರೋಸ್ ಲಿವಾನೋಸ್‌ನ ಒಬ್ಬ ಮಗಳನ್ನ 1946ರಲ್ಲಿ ಓನಾಸಿಸ್ ಮದುವೆ ಆದ, ಇನ್ನೊಬ್ಬಳನ್ನ ಮುಂದಿನ ವರ್ಷ ನಿಯಾರ್ಕೋಸ್, ಹಡಗು ಮಾಲೀಕರೇ ಆದ ಈ ಷಡ್ಡಕರಿಬ್ಬರೂ ಆಮೇಲೆ ವರ್ಷಗಟ್ಟಲೆ ಜಿದ್ದಿಗೆ ಬಿದ್ದಿದ್ದು ಬೇರೆ ವಿಷ್ಯ.

ಇನ್ನು ಯಾವಾಗ ತಗೋಬೇಕು ಅನ್ನೋದು, ನನ್ನ ಪ್ರಕಾರ ಇಡೀ ಆಟ ಇರೋದೇ ಇಲ್ಲಿ. ಬಾಡಿಗೆ ರೇಟ್ ನೆಲಕಚ್ಚಿ ಬೇರೆಯವರು ಹಡಗು ಮಾರಿ ಓಡ್ತಿರುವಾಗ ತಗೋಬೇಕು. ಓನಾಸಿಸ್ 1930ರ ದಶಕದ ಮಹಾ ಕುಸಿತದಲ್ಲಿ ಕೆನಡಾದಲ್ಲಿ ಸುಮ್ನೆ ನಿಂತಿದ್ದ ಹಡಗುಗಳನ್ನ ಚಿಲ್ಲರೆ ಕಾಸಿಗೆ ಎತ್ಕೊಂಡ. ಯುದ್ಧ ಮುಗಿದ್ಮೇಲೆ 1947ರಲ್ಲಿ ಅಮೆರಿಕ ಯುದ್ಧಕ್ಕಂತ ಕಟ್ಟಿಸಿ ಹೆಚ್ಚಾಗಿ ಉಳಿದಿದ್ದ ಲಿಬರ್ಟಿ ಅನ್ನೋ ಸರಕು ಹಡಗುಗಳಲ್ಲಿ 100 ಗ್ರೀಕ್ ಮಾಲೀಕರಿಗೆ ಮಾರ್ತು, ಕಾಲುಭಾಗ ಕೈಯಿಂದ, ಉಳಿದಿದ್ದು ಸಾಲ, ಆ ಸಾಲಕ್ಕೆ ಗ್ರೀಕ್ ಸರ್ಕಾರದ ಗ್ಯಾರಂಟಿ. ಯುದ್ಧದಲ್ಲಿ ಹಡಗು ಕಳ್ಕೊಂಡಿದ್ದ ಮನೆತನಗಳು ಮತ್ತೆ ಎದ್ದಿದ್ದು ಇದರಿಂದ.

ಹಳೇ ಹಡಗು ನೋಡೋಕೆ ಹೋದಾಗ ಗುಜರಿ ಲೆಕ್ಕ ಮರೀಬೇಡಿ. ಖಾಲಿ ಹಡಗಿನ ತೂಕ 10,000 ಟನ್, ಗುಜರಿ ರೇಟ್ ಟನ್ನಿಗೆ 400 ಡಾಲರ್ ಅನ್ಕೊಳ್ಳಿ, ಅಲ್ಲಿಗೆ 40 ಲಕ್ಷ ಡಾಲರ್. ಕೇಳ್ತಿರೋ ರೇಟು ಇದಕ್ಕೆ ಹತ್ರ ಬಂದಷ್ಟೂ ನೀವು ಕಳ್ಕೊಳ್ಳೋದು ಕಮ್ಮಿ.

ಕೈಯಲ್ಲಿ ಕಾಸಿಲ್ವಾ? ಓನಾಸಿಸ್ ಮಾಡಿದ್ದು ನೋಡಿ: ಟ್ಯಾಂಕರ್ ಕಟ್ಟೋಕೆ ಮುಂಚೆನೇ ಎಣ್ಣೆ ಕಂಪನಿ ಹತ್ರ ವರ್ಷಗಟ್ಟಲೆ ಬಾಡಿಗೆ ಒಪ್ಪಂದ ಬರೆಸ್ಕೊಂಡು, ಆ ಕಾಗದ ತೋರಿಸಿ ಅಮೆರಿಕದಲ್ಲಿ ಸಾಲ ಎತ್ತಿ, ಆ ಸಾಲದಲ್ಲಿ ಹಡಗು ಕಟ್ಸಿದ. ಬರೋ ಬಾಡಿಗೇಲೇ ಕಂತು ತೀರಿಸೋದು.

ಒಂದು ಹಡಗಿಗೆ ಒಂದು ಕಂಪನಿ ಮಾಡಿ, ಒಂದರ ಸಾಲ ಇನ್ನೊಂದಕ್ಕೆ ಸುತ್ಕೊಳ್ದೇ ಇರೋಕೆ. ಬಾವುಟ, ಅಂದ್ರೆ ಹಡಗು ನೋಂದಣಿ ಆಗಿರೋ ದೇಶ, ಲೈಬೀರಿಯಾದ್ದೋ ಪನಾಮದ್ದೋ ಇರುತ್ತೆ, ಆಫೀಸ್ ಮಾತ್ರ ಗ್ರೀಸಿನ ಬಂದರು ಪಿರೇಯಸ್‌ನಲ್ಲಿ.

ಮಾರೋದು ಇನ್ನೂ ಕಷ್ಟ, ಯಾಕಂದ್ರೆ ರೇಟ್ ಏರ್ತಿರುವಾಗ ಕೊಡೋಕೆ ಯಾರಿಗೂ ಮನಸ್ಸು ಬರಲ್ಲ. 1973ರಲ್ಲಿ ಎಲ್ಲರೂ ಹುಚ್ಚೆದ್ದು ಟ್ಯಾಂಕರ್ ಆರ್ಡರ್ ಮಾಡಿದ್ರು, ವರ್ಷದ ಕೊನೇಲಿ ಎಣ್ಣೆ ಬಿಕ್ಕಟ್ಟು ಬಂತು, ಆಮೇಲೆ ಅಥೆನ್ಸ್ ಪಕ್ಕದ ಎಲೆಫ್ಸಿನಾ ಕೊಲ್ಲಿ ತುಂಬಾ ಕೆಲಸ ಇಲ್ದೇ ಲಂಗರು ಹಾಕಿದ ಹಡಗುಗಳೇ. ಹಾಗಾಗಿ ಹಡಗು ಕಟ್ಟೋ ಯಾರ್ಡಿನವರು ಆರ್ಡರ್ ತುಂಬಿಹೋಗಿ ಈಗ ಬುಕ್ ಮಾಡಿದ್ರೆ ಮೂರು ವರ್ಷ ಆದ್ಮೇಲೆ ಡೆಲಿವರಿ ಅಂತಿದ್ರೆ, ನಿಮ್ಮ ಹಳೇದನ್ನ ಅವತ್ತೇ ಮಾರಿ.