ಗಾಳದ ಸಾಮಾನು: ದಾರದಿಂದ ಕೋಲಿನ ಕಡೆಗೆ

ಗಾಳದ ಸಾಮಾನು ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೋಲನ್ನು ಬಳುಕಿಸಿ ನೋಡುತ್ತಾರೆ, ಆಮೇಲೆ ಅದಕ್ಕೊಪ್ಪುವ ರೀಲನ್ನು ಕೇಳುತ್ತಾರೆ, ದಾರದ ಮಟ್ಟಿಗೆ ಅಂಗಡಿಯವರು ಸುತ್ತಿ ಕೊಟ್ಟಿದ್ದೇ ಸಾಕೆಂದು ಮನೆಗೆ ಬರುತ್ತಾರೆ. ನನ್ನ ಅನುಭವದಲ್ಲಿ ಆಯ್ಕೆ ಇದಕ್ಕೆ ತಿರುಗುಮುರುಗಾಗಿ ನಡೆಯಬೇಕು. ಯಾವ ನೀರು, ಯಾವ ಮೀನು ಎಂಬುದು ದಾರವನ್ನು ನಿರ್ಧರಿಸುತ್ತದೆ. ದಾರ ರೀಲನ್ನು ನಿರ್ಧರಿಸುತ್ತದೆ. ಕೋಲು ಇವೆರಡಕ್ಕೂ ಹೊಂದಿಕೊಂಡು ಕೊನೆಗೆ ಬರಬೇಕು.

ಶಿವಮೊಗ್ಗ ಜಿಲ್ಲೆಯೊಳಗೇ ನೀರಿನ ಸ್ವಭಾವ ಊರೂರಿಗೆ ಬದಲಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಹರಡಿರುವ ಶರಾವತಿ ಹಿನ್ನೀರಿನಡಿಯಲ್ಲಿ 1964ರ ಸುಮಾರಿಗೆ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇಂದಿಗೂ ನಿಂತಿವೆ. ತೀರ್ಥಹಳ್ಳಿಯ ಆಸುಪಾಸಿನಲ್ಲಿ ತುಂಗೆ ಬಂಡೆಗಳ ನಡುವೆ ಹರಿಯುತ್ತಾಳೆ. ಊರ ಕೆರೆಗಳಲ್ಲಿ ತಾವರೆ ಮತ್ತು ಜೊಂಡಿನ ಕಾಟವೇ ಹೆಚ್ಚು. ಮೀನಿನ ವಿಷಯವೂ ಹಾಗೆಯೇ: ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ, ಕೊರವ ಜೊಂಡಿನ ಸಂದಿಯಲ್ಲಿ ಹೊಂಚು ಹಾಕುತ್ತದೆ.

ದಾರದಲ್ಲಿ ಮುಖ್ಯವಾಗಿ ಮೂರು ಜಾತಿ. ನಾವು ತಂಗೂಸಿ ಎಂದು ಕರೆಯುವ ನೈಲಾನ್ ಮೋನೊ ಅಗ್ಗವಾದುದು. ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಮೀನು ತಟ್ಟನೆ ಜಗ್ಗಿದಾಗ ಹೊಡೆತವನ್ನು ತಾನೇ ತಿಂದುಕೊಂಡು ಹೊಸಬರ ತಪ್ಪನ್ನು ಕ್ಷಮಿಸುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಅದೇ ತೂಕ ತಡೆಯುವ ಮೋನೊಗಿಂತ ಬಹಳ ತೆಳ್ಳಗಿರುತ್ತದೆ ಮತ್ತು ಹಿಗ್ಗುವುದಿಲ್ಲವೆಂದೇ ಹೇಳಬಹುದು; ದೂರದಲ್ಲಿ ಮೀನು ಮೂತಿ ತಾಗಿಸಿದ್ದೂ ಬೆರಳಿಗೆ ತಿಳಿಯುತ್ತದೆ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಅದು ಬೇಗ ಕತ್ತರಿಸಿಹೋಗುತ್ತದೆ. ಮೂರನೆಯದಾದ ಫ್ಲೋರೋಕಾರ್ಬನ್ ನೀರಿನಲ್ಲಿ ಮುಳುಗುತ್ತದೆ ಮತ್ತು ಕಣ್ಣಿಗೆ ಕಡಿಮೆ ಬೀಳುತ್ತದೆ; ಇಡೀ ರೀಲಿಗೆ ಅದನ್ನೇ ತುಂಬುವುದು ದುಂದು ಎಂಬುದು ನನ್ನ ಅಭಿಪ್ರಾಯ. ಬ್ರೇಡಿನ ತುದಿಗೆ ಒಂದೂವರೆ ಮೀಟರಿನಷ್ಟು ಫ್ಲೋರೋಕಾರ್ಬನನ್ನೋ ದಪ್ಪ ಮೋನೊವನ್ನೋ ಕಟ್ಟಿಕೊಂಡರೆ ಕಲ್ಲು, ಬೊಡ್ಡೆಗಳ ಭಯ ಅರ್ಧ ಕಡಿಮೆಯಾಗುತ್ತದೆ.

ಹೊಸಬರಿಗೆ 10ರಿಂದ 12 ಪೌಂಡಿನ, ಅಂದರೆ ಸುಮಾರು ನಾಲ್ಕೂವರೆಯಿಂದ ಐದೂವರೆ ಕಿಲೋ ಭಾರ ತಡೆಯುವ ಮೋನೊ ಸಾಕು. ಕೊರವಕ್ಕೆ ಮಾತ್ರ ಈ ಲೆಕ್ಕ ನಡೆಯದು. ಗಾಳ ಕಚ್ಚಿದ ಕ್ಷಣವೇ ಅದು ಜೊಂಡಿಗೆ ನುಗ್ಗುವುದರಿಂದ ಗಿಡಗಂಟಿಯ ಸಮೇತ ಎಳೆದು ತರಬಲ್ಲ 30ರಿಂದ 40 ಪೌಂಡಿನ ಬ್ರೇಡ್ ಬೇಕಾಗುತ್ತದೆ. ದಾರವನ್ನು ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದರು ಎಂಬುದನ್ನೂ ನೋಡಿಕೊಳ್ಳಿ. ಒಮ್ಮೆ ಕೋಲು, ರೀಲು, ದಾರ ಎಲ್ಲವೂ ಸೇರಿದ ಒಂದು ಸೆಟ್ ಕೊಂಡಿದ್ದೆ. ಅದು ಎಷ್ಟೋ ತಿಂಗಳು ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ತೂಗಾಡಿತ್ತೆಂಬುದು ಹಿನ್ನೀರಿನ ದಡದಲ್ಲಿ ಮೊದಲ ಕಾಟ್ಲಾ ಜಗ್ಗಿದಾಗ ಅರ್ಥವಾಯಿತು: ದಾರ ಒಣಹುಲ್ಲಿನಂತೆ ತುಂಡಾಯಿತು, ಬೆಂಡು ಮಾತ್ರ ಬಹಳ ಹೊತ್ತು ಬೊಡ್ಡೆಯೊಂದರ ಪಕ್ಕದಲ್ಲಿ ತೇಲುತ್ತಿತ್ತು. ಬಿಸಿಲು ನೈಲಾನನ್ನು ತಿನ್ನುತ್ತದೆ. ಕೊಳ್ಳುವಾಗ ಒಂದು ಗೇಣು ದಾರವನ್ನು ಎರಡು ಉಗುರುಗಳ ನಡುವೆ ಎಳೆದು ನೋಡಿ. ತರಿತರಿ ಎನಿಸಿದರೆ ಬಿಟ್ಟುಬಿಡಿ.

ರೀಲಿಗೆ ಬಂದರೆ, ಮೊದಲ ಬಾರಿಗೆ ಕೊಳ್ಳುವವರು ಎಸೆಯುವಾಗ ದಾರದ ಉರುಳೆ ತಿರುಗದೆ ನಿಂತೇ ಇರುವ ಸ್ಪಿನ್ನಿಂಗ್ ರೀಲಿನಲ್ಲಿಯೇ ಉಳಿಯುವುದು ಒಳ್ಳೆಯದು. ಎಸೆಯುವಾಗ ಉರುಳೆಯೇ ತಿರುಗುವ ಬೇಟ್‌ಕಾಸ್ಟರ್ ರೀಲಿನಲ್ಲಿ ಹೆಬ್ಬೆರಳಿನ ಹಿಡಿತ ತಪ್ಪಿದರೆ ದಾರ ಕಾಗೆಗೂಡಾಗುತ್ತದೆ. ಕಾಟ್ಲಾ, ರೋಹುಗಳಿಗೆ 3000 ಅಥವಾ 4000 ಅಳತೆಯ ರೀಲು ಸರಿಹೋಗುತ್ತದೆ; ಈ ಸಂಖ್ಯೆ ಹೆಚ್ಚಿದಷ್ಟೂ ರೀಲು ದೊಡ್ಡದು. ದಾರ ಸುತ್ತುವ ಉರುಳೆಯ, ಅಂದರೆ ಸ್ಪೂಲಿನ ಮೇಲೆ 0.30–180 ಎಂದು ಬರೆದಿದ್ದರೆ 0.30 ಮಿಲಿಮೀಟರ್ ದಪ್ಪದ ದಾರ 180 ಮೀಟರ್ ಹಿಡಿಯುತ್ತದೆ ಎಂದರ್ಥ. ಬೇರಿಂಗ್ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆಹಿಡಿಯುತ್ತಲೇ ಬಿಟ್ಟುಕೊಡುವ ರೀಲಿನ ಬ್ರೇಕು, ಪರೀಕ್ಷಿಸುವುದು ಮೇಲು. ಡ್ರ್ಯಾಗನ್ನು ಅರೆ ಬಿಗಿ ಮಾಡಿ ದಾರವನ್ನು ನಿಧಾನವಾಗಿ ಎಳೆಯಿರಿ. ಅದು ತಡೆತಡೆದು ಜಿಗಿಯದೆ ಎಣ್ಣೆಯಂತೆ ಜಾರಿ ಬರಬೇಕು. ಮನೆಯಲ್ಲಿ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯಿದ್ದರೆ ದಾರದ ತುದಿಯನ್ನು ಅದಕ್ಕೆ ಕಟ್ಟಿ ಎಳೆದು, ದಾರ ತಡೆಯುವ ಭಾರದ ಕಾಲು ಭಾಗಕ್ಕೆ ಡ್ರ್ಯಾಗ್ ಜಾರುವಂತೆ ಹೊಂದಿಸಿಕೊಳ್ಳಿ; ನಾಲ್ಕೂವರೆ ಕಿಲೋ ದಾರಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು. ದಾರವನ್ನು ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿನವರೆಗೆ ಮಾತ್ರ ತುಂಬಬೇಕು. ಬ್ರೇಡ್ ಸುತ್ತುವುದಾದರೆ ಅಡಿಯಲ್ಲಿ ಕೆಲವು ಸುತ್ತು ಮೋನೊ ಇರಲಿ, ಇಲ್ಲದಿದ್ದರೆ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ.

ಕೋಲು ಕೊನೆಗೆ. ವಾಟೆಯ ಕೋಲಿನಲ್ಲಿ ಹಳ್ಳದ ಮೀನು ಹಿಡಿದು ಬೆಳೆದವರಿಗೆ ಬಳುಕೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಸಣ್ಣ ಮೀನಿಗೆ ಇಂದಿಗೂ ಅದಕ್ಕಿಂತ ಹೆಚ್ಚಿನದೇನೂ ಬೇಡ. ಕೊಳ್ಳುವ ಕೋಲಿನಲ್ಲಿ ಎಂಟರಿಂದ ಒಂಬತ್ತು ಅಡಿ ಉದ್ದ ದಡದಿಂದ ಎಸೆಯಲು ಅನುಕೂಲ, ಜೊಂಡಿನ ಕೆರೆಯ ಕೊರವಕ್ಕೆ ಏಳು ಅಡಿಯ ಗಟ್ಟಿ ಕೋಲು ಸಾಕು. ಹಿಡಿಯ ಮೇಲ್ಭಾಗದಲ್ಲಿ 10–30 ಗ್ರಾಂ ಎಂಬಂತೆ ಬರೆದಿರುವುದು ಎಸೆಯಬಹುದಾದ ಒಟ್ಟು ತೂಕ. ಸೀಸದ ಗುಂಡನ್ನು ಮಾತ್ರ ಲೆಕ್ಕ ಹಾಕಿ ಮೀನಿಗೆ ಎರೆಯಾಗಿ ಹಾಕುವ ಹಿಂಡಿ ಉಂಡೆಯನ್ನು ಮರೆಯುವುದು ಬಹುತೇಕ ಎಲ್ಲರೂ ಮಾಡುವ ತಪ್ಪು. ಒದ್ದೆಯಾದ ಕಡಲೆ ಹಿಂಡಿಯ ಉಂಡೆ ಸುಲಭವಾಗಿ 30 ಗ್ರಾಂ ದಾಟುತ್ತದೆ. ಆದ್ದರಿಂದ ಹಿಂಡಿ ಹಾಕುವವರು 40–80 ಗ್ರಾಮಿನ ಕೋಲನ್ನು ನೋಡಲಿ. ಕಾರ್ಬನ್ ಹಗುರ, ಆದರೆ ಬೈಕಿನಿಂದ ಬಿದ್ದರೆ ಸೀಳುತ್ತದೆ; ಫೈಬರ್‌ಗ್ಲಾಸ್ ಭಾರ, ಒರಟು ಬಳಕೆಯನ್ನು ತಡೆಯುತ್ತದೆ. ಒಂದು ಚೂರು ಹತ್ತಿಯನ್ನು ಕೋಲಿನುದ್ದಕ್ಕೂ ದಾರ ಹಾಯುವ ಎಲ್ಲ ಗೈಡ್ ಬಳೆಗಳ ಒಳಗೂ ಆಡಿಸಿ; ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ, ಅಲ್ಲಿಯೇ ನಾಳೆ ನಿಮ್ಮ ದಾರ ಸವೆಯುತ್ತದೆ.

ಸಾಮಾನು ಕೂಡಿಸಿಕೊಂಡ ಮೇಲೂ ಎಲ್ಲೆಂದರಲ್ಲಿ ಗಾಳ ಹಾಕುವಂತಿಲ್ಲ. ಗುತ್ತಿಗೆಗೆ ಹೋದ ಕೆರೆಗೆ ಗುತ್ತಿಗೆದಾರರ ಒಪ್ಪಿಗೆ ಬೇಕು, ಜಲಾಶಯಗಳ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು, ಶೃಂಗೇರಿಯ ದೇವರ ಮೀನುಗಳ ಮಡು ಮತ್ತು ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಕಡೆಗೆ ಕೋಲನ್ನು ಒಯ್ಯಲೇಬಾರದು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದೂ ನೆನಪಿರಲಿ: ತಂತಿಯ ಕೆಳಗೆ ಕೋಲು ಬೀಸಬೇಡಿ, ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಅದನ್ನು ನೆಲಕ್ಕೆ ಮಲಗಿಸಿ ನೀರಿನ ಅಂಚಿನಿಂದ ದೂರ ಸರಿಯಿರಿ.